ಟವರಿನ ಲೆಕ್ಕ ಬಿಡಿ, ದಾರಿಯ ಲೆಕ್ಕ ಹಿಡಿಯಿರಿ
ಕೋಲಾರ ಸೀಮೆಯ ಮೊಬೈಲ್ ಜಾಲ ನೋಡಿಕೊಳ್ಳುವ ನೆಟ್‌ವರ್ಕ್ ಎಂಜಿನಿಯರುಗಳಿಗೆ ಒಂದು ಬಹಿರಂಗ ಪತ್ರ



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಟವರುಗಳನ್ನು ದೂರದಲ್ಲಿ ಕೂತು ನಡೆಸುವವರು ನೀವು. ಯಾವ ಆಂಟೆನಾ ಎಷ್ಟು ಬಾಗಿರಬೇಕು, ಓಡುವ ಬಸ್ಸಿನಲ್ಲಿರುವ ಫೋನನ್ನು ಯಾವ ಗಳಿಗೆಯಲ್ಲಿ ಮುಂದಿನ ಟವರಿಗೆ ದಾಟಿಸಬೇಕು ಎಂಬ ನಿಯಮ ಬರೆಯುವ ಕೈ ನಿಮ್ಮದು. ನಿಮ್ಮಲ್ಲಿ ಯಾರು ಯಾವ ಕಂಪನಿಯವರು ಎಂಬುದು ಈ ಪತ್ರಕ್ಕೆ ಮುಖ್ಯವಲ್ಲ. ಹೇಳಬೇಕಾದ ಮಾತು ಎಲ್ಲರಿಗೂ ಒಂದೇ. ನಾನು ಇದೇ ಜಿಲ್ಲೆಯ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವನು. ಬೆಳಿಗ್ಗೆ, ಫೋನನ್ನು ಟವರಿನಿಂದ ಟವರಿಗೆ ದಾಟಿಸುವ ಹ್ಯಾಂಡೋವರ್ ಎಂದರೇನು ಎಂದು ಬೋರ್ಡಿನ ಮೇಲೆ ಬರೆದು, ಸಂಜೆ ಹ್ಯಾಂಡೋವರ್ ಕೈಕೊಡುವ ಬಸ್ಸಿನಲ್ಲಿ ಮನೆಗೆ ಹೋಗುವವನು.

ಟವರ್ ಸಿಗಲ್ಲ ಎಂಬ ದೂರು ನಿಮಗೆ ದಿನವೂ ಬರುತ್ತದೆ. ನನ್ನ ದೂರು ಅದಲ್ಲ. ಹಿಂದಿಗೆ ಹೋಲಿಸಿದರೆ ನಮ್ಮಲ್ಲಿ ಟವರುಗಳು ಸಾಕಷ್ಟು ಎದ್ದಿವೆ. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಶುರುವಾಯಿತು; ಕೋಲಾರದ ಪೇಟೆಯಲ್ಲೂ ಈಗ ಫೋನಿನ ಮೇಲ್ತುದಿಯಲ್ಲಿ ಆ ಅಕ್ಷರ ಕಾಣುತ್ತದೆ. ಕೂತಲ್ಲಿ ಕೂತಿದ್ದರೆ ಫೋನು ಚೆನ್ನಾಗಿಯೇ ಇರುತ್ತದೆ, ಎದ್ದು ಹೊರಟರೆ ಕೈಕೊಡುತ್ತದೆ. ಕೂತೇ ಮಾತಾಡುವುದಾದರೆ ನಮಗೆ ಮೊಬೈಲ್ ಯಾಕೆ ಬೇಕಿತ್ತು, ಲ್ಯಾಂಡ್‌ಲೈನೇ ಸಾಕಾಗಿತ್ತಲ್ಲ?

ಆದ್ದರಿಂದ ನನ್ನ ಕೋರಿಕೆ ಒಂದು ಸಾಲಿನದು. ಜಾಲವನ್ನು ಟವರಿಗೊಂದು ಲೆಕ್ಕವಾಗಿ ನಡೆಸುವುದನ್ನು ಬಿಟ್ಟು ದಾರಿಗೊಂದು ಲೆಕ್ಕವಾಗಿ ನಡೆಸಿ. ಹತ್ತು ವರ್ಷದ ಹಿಂದೆ ಹೀಗೆ ಕೇಳಿದ್ದರೆ ನೀವು ನಕ್ಕು ಸುಮ್ಮನಾಗಬಹುದಿತ್ತು. ಈಗ ಜಾಲದ ಬುದ್ಧಿ ಟವರಿನ ಪೆಟ್ಟಿಗೆಯಿಂದ ಹೊರಬಂದು ಸಾಫ್ಟ್‌ವೇರಿಗೆ ಸೇರುತ್ತಿರುವುದರಿಂದ ಇದು ಆಗುವ ಕೆಲಸ.

ಮೊದಲು ನಮ್ಮ ದಾರಿಗಳ ಪರಿಚಯ. ಈ ಸೀಮೆಯ ಜನರ ಓಡಾಟದಲ್ಲಿ ಗುಟ್ಟೇನೂ ಇಲ್ಲ. ಬೆಳಗಾದರೆ ಮಾರಿಕುಪ್ಪಂ, ಬಂಗಾರಪೇಟೆ ಕಡೆಯ ರೈಲುಗಳು ಟೇಕಲ್, ಬ್ಯಾಟರಾಯನಹಳ್ಳಿ, ಮಾಲೂರು, ದೇವನಗೊಂದಿ ದಾಟಿ ವೈಟ್‌ಫೀಲ್ಡ್, ಕೆ.ಆರ್. ಪುರದ ಕಡೆ ಜನರನ್ನು ತುಂಬಿಕೊಂಡು ಹೋಗುತ್ತವೆ. ಸಂಜೆ ಅದೇ ಜನರನ್ನು ವಾಪಸು ತರುತ್ತವೆ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳ ಶಿಫ್ಟ್ ಬಸ್ಸುಗಳಿಗೆ ಹೊತ್ತು ಗೊತ್ತು ಎರಡೂ ಇವೆ. ಕೋಲಾರ ಎಪಿಎಂಸಿಯ ಟೊಮೆಟೊ ಲಾರಿಗಳು, ಮುಳಬಾಗಿಲಿನ ಎನ್. ವಡ್ಡಹಳ್ಳಿ ಮಾರುಕಟ್ಟೆಯ ಲಾರಿಗಳು ರಾಷ್ಟ್ರೀಯ ಹೆದ್ದಾರಿ 75 ಹಿಡಿಯುತ್ತವೆ. ನಂಗಲಿ ದಾಟಿದರೆ ಆಂಧ್ರ, ಮುಂದೆ ಪಲಮನೇರು. ಶ್ರೀನಿವಾಸಪುರದ ಮಾವು ಮೇ ಬಂದರೆ ರಸ್ತೆಗಿಳಿಯುತ್ತದೆ, ತೋತಾಪುರಿ ಚಿತ್ತೂರಿನ ಪಲ್ಪ್ ಕಾರ್ಖಾನೆಗಳ ದಾರಿ ಹಿಡಿಯುತ್ತದೆ. ಯಾವ ತಿಂಗಳು, ಯಾವ ಹೊತ್ತು, ಯಾವ ರಸ್ತೆಯಲ್ಲಿ ಎಷ್ಟು ಜನ ಎಂಬುದನ್ನು ಇಲ್ಲಿನ ಟೀ ಅಂಗಡಿಯವನೂ ಹೇಳುತ್ತಾನೆ. ಅದು ತಿಳಿಯದಿರುವುದು ನಿಮ್ಮ ಟವರಿಗೆ ಮಾತ್ರ.

ತಿಳಿಯದಿರುವುದಕ್ಕೆ ಕಾರಣವಿದೆ. ನಿಮಗೆ ಗೊತ್ತಿರುವುದನ್ನೇ ಇತರ ಓದುಗರಿಗಾಗಿ ಎರಡು ಮಾತಿನಲ್ಲಿ ಹೇಳುತ್ತೇನೆ. 4ಜಿ ಫೋನು ತಾನು ಹಿಡಿದಿರುವ ಟವರಿನ ಜೊತೆಗೆ ಅಕ್ಕಪಕ್ಕದ ಟವರುಗಳ ಸಿಗ್ನಲ್ಲನ್ನೂ ಅಳೆಯುತ್ತಲೇ ಇರುತ್ತದೆ. ಪಕ್ಕದ್ದು ಈಗಿನದಕ್ಕಿಂತ ಎರಡು ಮೂರು ಡೆಸಿಬೆಲ್‌ನಷ್ಟು ಹೆಚ್ಚಾಗಿ, ಆ ಹೆಚ್ಚಳ ಸೆಕೆಂಡಿನ ಒಂದು ಸಣ್ಣ ಪಾಲು ಹೊತ್ತು ಹಾಗೇ ಉಳಿದರೆ ಫೋನು ವರದಿ ಕಳಿಸುತ್ತದೆ. ಟವರು ಆ ವರದಿ ನೋಡಿ, ಪಕ್ಕದ ಟವರನ್ನು ಜಾಗವಿದೆಯೇ ಎಂದು ಕೇಳಿ, ಇದೆ ಎಂದರೆ ಫೋನಿಗೆ ದಾಟು ಎನ್ನುತ್ತದೆ. ಇಷ್ಟೂ ಕೆಲಸ ಮುಗಿಯುವವರೆಗೆ ಹಳೆಯ ಟವರಿನ ಸಿಗ್ನಲ್ ಬದುಕಿರಬೇಕು. ಬದುಕಿಲ್ಲದಿದ್ದರೆ ದಾಟು ಎಂಬ ಆಜ್ಞೆಯೇ ಫೋನಿಗೆ ಮುಟ್ಟುವುದಿಲ್ಲ, ಕರೆ ಕಟ್. ಇದು ತಡವಾದ ಹ್ಯಾಂಡೋವರ್. ಅವಸರಪಟ್ಟರೆ ಇನ್ನೂ ಗಟ್ಟಿಯಾಗದ ಟವರಿಗೆ ದಾಟಿ ಬೀಳುವುದುಂಟು. ಗುಡ್ಡದ ಮೇಲಿಂದ ದೂರದ ಟವರೊಂದು ಒಂದು ಕ್ಷಣ ಜೋರಾಗಿ ಕಂಡು, ಅದಕ್ಕೆ ದಾಟಿ ಕೆಡುವುದೂ ಉಂಟು. ಎರಡು ಟವರುಗಳ ನಡುವೆ ಆಚೆ ಈಚೆ ಓಲಾಡುತ್ತಾ ಬ್ಯಾಟರಿಯನ್ನೂ ಮಾತನ್ನೂ ಕಳೆದುಕೊಳ್ಳುವುದು ಇನ್ನೊಂದು ಬಗೆ.

ಈಗ ನಮ್ಮ ನೆಲಕ್ಕೆ ಬನ್ನಿ. ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಟವರಿನ ವ್ಯಾಪ್ತಿ ರಸ್ತೆಯುದ್ದಕ್ಕೆ ಎರಡು ಕಿಲೋಮೀಟರ್ ಇದ್ದರೆ ಒಂದು ನಿಮಿಷ ಚಿಲ್ಲರೆಗೊಂದು ಹ್ಯಾಂಡೋವರ್. 5ಜಿಯ 3.3 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ವ್ಯಾಪ್ತಿ ಅರ್ಧ ಕಿಲೋಮೀಟರಿಗೆ ಇಳಿದರೆ 18 ಸೆಕೆಂಡಿಗೆ ಒಂದು. ಬಯಲಲ್ಲಾದರೆ ಸಿಗ್ನಲ್ ನಿಧಾನಕ್ಕೆ ಇಳಿಯುತ್ತದೆ, ಅಷ್ಟರಲ್ಲಿ ಕೆಲಸ ಮುಗಿಯುತ್ತದೆ. ನಮ್ಮದು ಬಂಡೆಯ ಸೀಮೆ. ಟೇಕಲ್‌ನ ಗುಡ್ಡಗಳು, ಕೋಲಾರದ ಅಂತರಗಂಗೆ ಬೆಟ್ಟ, ದೇವರಾಯಸಮುದ್ರ, ಆವಣಿ, ಎಲ್ಲೆಡೆ ಹೆಬ್ಬಂಡೆಗಳು. ರಸ್ತೆ ಒಂದು ಗುಡ್ಡದ ಮಗ್ಗುಲಿಗೆ ತಿರುಗಿದರೆ ಸಿಗ್ನಲ್ ಇಳಿಯುವುದಿಲ್ಲ, ಬೀಳುತ್ತದೆ. ಶ್ರೀನಿವಾಸಪುರದ ಕಡೆ ಬಂಡೆಯ ಕೆಲಸವನ್ನು ಮಾವಿನ ತೋಪು ಮಾಡುತ್ತದೆ. ದಟ್ಟ ಎಲೆ ಸಿಗ್ನಲ್ಲನ್ನು ಹೀರುತ್ತದೆ, ಬ್ಯಾಂಡ್ ಮೇಲೇರಿದಷ್ಟೂ ಹೆಚ್ಚು ಹೀರುತ್ತದೆ.

ಮುಳಬಾಗಿಲಿನಿಂದ ನಂಗಲಿ ಕಡೆ ಹೋಗುವ ಬಸ್ಸಿನಲ್ಲಿ ಫೋನಿನ ಅಳತೆ ತೋರಿಸುವ ಆ್ಯಪ್ ತೆರೆದಿಟ್ಟುಕೊಂಡು ನೋಡಿದ್ದೇನೆ. ಊರು ಬಿಡುವಾಗ ಸಿಗ್ನಲ್ ಮೈನಸ್ 90ರ ಆಸುಪಾಸು, ಚೆನ್ನಾಗಿದೆ ಎನ್ನುವ ಮಟ್ಟ. ಗಡಿ ಹತ್ತಿರವಾದಂತೆ ಮೈನಸ್ 100ಕ್ಕಿಂತ ಕೆಳಗೆ, ಮೈನಸ್ 110ಕ್ಕಿಂತ ಕೆಳಗೆ ಇಳಿಯುತ್ತದೆ. ಪಕ್ಕದ ಸೀಟಿನವರ ಮಾತು ಮೊದಲು ತುಂಡು ತುಂಡಾಗುತ್ತದೆ. ಆಮೇಲೆ ಅವರು ಫೋನನ್ನು ಕಿವಿಯಿಂದ ತೆಗೆದು ಪರದೆ ನೋಡುತ್ತಾರೆ. ಕರೆಯ ಸೆಕೆಂಡುಗಳು ಓಡುತ್ತಲೇ ಇವೆ, ದನಿ ಮಾತ್ರ ಇಲ್ಲ. "ಹಲೋ, ಕೇಳ್ತಾ ಇದೆಯಾ?" ಎಂದು ಕನ್ನಡದಲ್ಲೊಮ್ಮೆ ತೆಲುಗಿನಲ್ಲೊಮ್ಮೆ ಕೇಳಿ, ತಾವೇ ಕಟ್ ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಆಂಧ್ರಕ್ಕೆ ಸ್ವಾಗತ ಎಂಬ ಮೆಸೇಜು ಬರುತ್ತದೆ.

ಆ ಕರೆ ನಿಮ್ಮ ದಾಖಲೆಯಲ್ಲಿ ಹೇಗೆ ಕೂತಿರುತ್ತದೆ? ಗ್ರಾಹಕರೇ ಮುಗಿಸಿದ ಕರೆ. ಯಶಸ್ವಿ.

ನನ್ನ ತಕರಾರಿನ ಮುಖ್ಯ ಭಾಗ ಇಲ್ಲಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮದ ಪ್ರಕಾರ ಕಟ್ ಆಗುವ ಕರೆಗಳು ನೂರಕ್ಕೆ 2 ಮೀರಬಾರದು. ಸರಾಸರಿ ಎಂಬುದು ಎಂಥ ಆಟ ಆಡುತ್ತದೆ ನೋಡಿ. ಒಂದು ಪ್ರದೇಶದಲ್ಲಿ ಒಂದೇ ಸಮ ಕರೆಗಳಿರುವ 100 ಟವರುಗಳಿವೆ ಎಂದುಕೊಳ್ಳಿ. 95 ಟವರುಗಳಲ್ಲಿ ನೂರಕ್ಕೆ ಅರ್ಧ ಕರೆ ಕಟ್ ಆಗುತ್ತದೆ, ಮಿಕ್ಕ 5ರಲ್ಲಿ ನೂರಕ್ಕೆ 20. ಸರಾಸರಿ ಒಂದೂವರೆಯೊಳಗೆ ಬಂತು, ನೀವು ಪಾಸು. ಆ ಐದು ಟವರುಗಳ ಕೆಳಗೆ ಓಡಾಡುವವರು ಐದು ಕರೆಗೊಂದು ಕಳೆದುಕೊಳ್ಳುತ್ತಿದ್ದಾರೆ. ಇದು ಟ್ರಾಯ್‌ಗೂ ಹೊಳೆಯದ ಸಂಗತಿಯೇನಲ್ಲ. ಸರಾಸರಿಯ ಹಿಂದೆ ಕೆಟ್ಟ ಟವರುಗಳು ಅಡಗುತ್ತವೆ ಎಂದೇ 2017ರಲ್ಲಿ ಅಳೆಯುವ ಕ್ರಮ ಬದಲಿಸಿ, ಇಂತಿಷ್ಟು ಪಾಲು ಟವರುಗಳು ಇಂತಿಷ್ಟು ಪಾಲು ದಿನ ಮಟ್ಟ ಮುಟ್ಟಿರಬೇಕು ಎಂದು ಮಾಡಿತು. 2018ರಲ್ಲಿ ವೋಲ್ಟೆ, ಎಂದರೆ 4ಜಿ ಮೂಲಕ ಹೋಗುವ ದನಿ ಕರೆಗಳಿಗಾಗಿ ಪ್ಯಾಕೆಟ್ ನಷ್ಟವನ್ನೂ ಅಳತೆಗೆ ಸೇರಿಸಿತು. 2024ರ ಆಗಸ್ಟ್‌ನಲ್ಲಿ ಹೊರಡಿಸಿದ ಹೊಸ ಗುಣಮಟ್ಟ ನಿಯಮಗಳು ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದವು. ಯಾವ ಊರಿನಲ್ಲಿ 2ಜಿ, 4ಜಿ, 5ಜಿ ಇದೆ ಎಂಬ ನಕ್ಷೆಯನ್ನು ಕಂಪನಿಗಳು ಜನರ ಮುಂದಿಡಬೇಕು ಎಂಬುದೂ ಅವುಗಳಲ್ಲಿ ಸೇರಿದೆ.

ಒಳ್ಳೆಯದೇ. ಆದರೂ ನಕ್ಷೆ ಹೇಳುವುದು ನಿಂತ ಜಾಗದ ಸಂಗತಿ. ನರಸಾಪುರದಲ್ಲಿ ಇದೆ, ಕೋಲಾರದಲ್ಲಿ ಇದೆ, ಮುಳಬಾಗಿಲಿನಲ್ಲಿ ಇದೆ ಎಂದು ಬಣ್ಣ ಬಳಿದಿರುತ್ತದೆ. ನರಸಾಪುರದಲ್ಲಿ ಹಚ್ಚಿದ ಕರೆ ಮುಳಬಾಗಿಲಿನವರೆಗೆ ಉಳಿಯುತ್ತದೆಯೇ ಎಂಬುದಕ್ಕೆ ಯಾವ ಬಣ್ಣವೂ ಇಲ್ಲ. ಕಟ್ ಆದ ಕರೆಗೆ 1 ರೂಪಾಯಿ, ದಿನಕ್ಕೆ ಹೆಚ್ಚೆಂದರೆ ಮೂರು ಕರೆಗೆ, ಪರಿಹಾರ ಕೊಡಬೇಕೆಂದು ಟ್ರಾಯ್ 2015ರಲ್ಲಿ ಮಾಡಿದ್ದ ನಿಯಮವನ್ನು ಸುಪ್ರೀಂ ಕೋರ್ಟ್ 2016ರ ಮೇ 11ರಂದು ರದ್ದು ಮಾಡಿತು. ಆ ರೂಪಾಯಿಗಾಗಿ ನಾನು ಈ ಪತ್ರ ಬರೆಯುತ್ತಿಲ್ಲ. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತ್ತು. ಹರಾಜಿನ ಹೊತ್ತಿಗೆ ದೂರದ ಖರೀದಿದಾರನ ಜೊತೆ ಮಾತು ಅರ್ಧಕ್ಕೆ ನಿಂತರೆ ಕಳೆಯುವುದು ಒಂದು ರೂಪಾಯಿಯಲ್ಲ.

ಈಗ ಸಾಫ್ಟ್‌ವೇರಿನ ಮಾತು. ಜಾಲದಲ್ಲಿ ಎರಡು ಕೆಲಸಗಳಿವೆ: ಮಾಹಿತಿ ಸಾಗಿಸುವುದು, ಅದನ್ನು ಎಲ್ಲಿಗೆ ಹೇಗೆ ಸಾಗಿಸಬೇಕೆಂದು ತೀರ್ಮಾನಿಸುವುದು. ಮೊದಲು ಇವೆರಡೂ ಒಂದೇ ಪೆಟ್ಟಿಗೆಯಲ್ಲಿದ್ದವು. 2008ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಓಪನ್‌ಫ್ಲೋ ಮುಂದಿಟ್ಟಾಗಿನಿಂದ ತೀರ್ಮಾನವನ್ನು ಬೇರೆ ಮಾಡಿ ಒಂದು ಕಂಟ್ರೋಲರಿಗೆ ಕೊಡುವ ಪದ್ಧತಿ ಬೇರೂರಿತು. ಮೊಬೈಲ್ ಜಾಲದ ಕೇಂದ್ರಭಾಗವಾದ ಕೋರ್‌ಗೂ ಅದು ಬಂತು. 2018ರಲ್ಲಿ ಹುಟ್ಟಿದ ಓ-ರ‍್ಯಾನ್ ಕೂಟ ಅದನ್ನು ಟವರಿನ ಬುಡಕ್ಕೇ ತಂದಿತು: ಆರ್‌ಐಸಿ ಎಂಬ ಕಂಟ್ರೋಲರು ಹಲವು ಟವರುಗಳನ್ನು ಒಟ್ಟಿಗೆ ನೋಡುತ್ತಾ, 10 ಮಿಲಿಸೆಕೆಂಡಿನಿಂದ ಒಂದು ಸೆಕೆಂಡಿನೊಳಗೆ ತೀರ್ಮಾನ ಕೊಡಬಲ್ಲದು. ನಿಧಾನದ ಲೆಕ್ಕಾಚಾರಕ್ಕೆ, ಎಂದರೆ ಈ ವಾರ ಹೀಗಿತ್ತು ಮುಂದಿನ ವಾರ ಹೀಗಿರಲಿ ಎನ್ನುವುದಕ್ಕೆ, ಇನ್ನೊಂದು ಕಂಟ್ರೋಲರು ಇದೆ.

ಇದೆಲ್ಲ ಪರದೇಶದ ಸರಕು ಎನ್ನುವಂತಿಲ್ಲ. ಟವರಿನ ಉಪಕರಣ ಮಾಡುವ ತೇಜಸ್ ನೆಟ್‌ವರ್ಕ್ಸ್ ಬೆಂಗಳೂರಿನ ಕಂಪನಿ. ಅದರ ರೇಡಿಯೊ, ಸಿ-ಡಾಟ್‌ನ ಕೋರ್, ಟಿಸಿಎಸ್‌ನ ಜೋಡಣೆ ಸೇರಿದ ದೇಶೀ 4ಜಿ ಜಾಲವನ್ನು ಬಿಎಸ್‌ಎನ್‌ಎಲ್ 2025ರ ಸೆಪ್ಟೆಂಬರ್ 27ರಂದು 97,500 ಟವರುಗಳ ಲೆಕ್ಕದಲ್ಲಿ ದೇಶಕ್ಕೆ ಒಪ್ಪಿಸಿತು. 2022ರ ಮೇ 17ರಂದು ಉದ್ಘಾಟನೆಯಾದ ದೇಶೀ 5ಜಿ ಪರೀಕ್ಷಾ ಜಾಲದಲ್ಲಿ ಐಐಟಿಗಳ ಜೊತೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇದೆ. ಕಟ್ಟುವವರು ಮಾಲೂರಿನಿಂದ ಒಂದು ರೈಲಿನ ದೂರದಲ್ಲಿದ್ದಾರೆ. ಕಟ್ಟಿದ್ದನ್ನು ಮಾಲೂರಿಗಾಗಿ ಬಳಸುವುದೊಂದು ಬಾಕಿ.

ಬಳಸಬೇಕಾದ ಬಗೆಯನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು, ದಾರಿ ತಿಳಿದ ಹ್ಯಾಂಡೋವರ್. ಒಂದು ಫೋನು ಟೇಕಲ್‌ನ ಟವರಿನಿಂದ ಬ್ಯಾಟರಾಯನಹಳ್ಳಿಯ ಟವರಿಗೆ ರೈಲಿನ ವೇಗದಲ್ಲಿ ದಾಟಿತು ಎಂದರೆ ಮುಂದೆ ಅದು ಹೋಗುವುದು ಮಾಲೂರಿಗೇ. ಹಳಿ ಬಿಟ್ಟು ಹೊಲಕ್ಕೆ ಇಳಿಯುವುದಿಲ್ಲ. ಟವರಿಗೆ ಇದು ಗೊತ್ತಾಗದಿದ್ದರೂ ಕಂಟ್ರೋಲರಿಗೆ ಗೊತ್ತಾಗುತ್ತದೆ. ಮುಂದಿನ ಮೂರು ಟವರುಗಳಲ್ಲಿ ಮೊದಲೇ ಜಾಗ ಸಿದ್ಧ ಮಾಡಿಸಿ, ಇಂಥ ಸ್ಥಿತಿ ಬಂದಾಗ ನೀನೇ ದಾಟಿಬಿಡು ಎಂದು ಫೋನಿಗೆ ಮುಂಚಿತವಾಗಿ ಹೇಳಿಡಬಹುದು. 5ಜಿ ಮಾನದಂಡದ ರಿಲೀಸ್ 16 ಎಂಬ ಆವೃತ್ತಿಯಲ್ಲಿ ಷರತ್ತಿನ ಹ್ಯಾಂಡೋವರ್ ಎಂದು ಇರುವುದು ಇದೇ. ಹಳೆಯ ಟವರು ಸಾಯುವ ಕ್ಷಣದಲ್ಲಿ ಅದರಿಂದ ಆಜ್ಞೆ ಕಾಯುವ ಗತಿ ತಪ್ಪುತ್ತದೆ. ಅದೇ ರಿಲೀಸಿನಲ್ಲಿ ಇನ್ನೊಂದು ಸೌಲಭ್ಯವೂ ಇದೆ. ಮಾವಿನ ಮರ ಹತ್ತುವವನು ಮೇಲಿನ ಕೊಂಬೆ ಹಿಡಿತಕ್ಕೆ ಸಿಕ್ಕ ಮೇಲೆಯೇ ಕೆಳಗಿನ ಕೊಂಬೆಯಿಂದ ಕಾಲು ತೆಗೆಯುವ ಹಾಗೆ, ಹೊಸ ಟವರು ಗಟ್ಟಿಯಾಗುವವರೆಗೆ ಹಳೆಯದನ್ನು ಬಿಡದಿರುವ ಸೌಲಭ್ಯ. ಫೋನೂ ಟವರೂ ಎರಡೂ ಒಪ್ಪಬೇಕು, ನಿಜ. ಹಳೆಯ 4ಜಿ ಫೋನುಗಳಿಗೆ ಅದು ಸಿಗದಿದ್ದರೂ ದಾರಿ ನೋಡಿ ಡೆಸಿಬೆಲ್ ಅಂತರವನ್ನೂ ಕಾಯುವ ಹೊತ್ತನ್ನೂ ಬದಲಿಸುವುದಕ್ಕೆ ಹೊಸ ಫೋನು ಬೇಕಿಲ್ಲ. ದೇವರಾಯಸಮುದ್ರದ ಕಡೆ ಹೆದ್ದಾರಿಯಲ್ಲಿ ಓಡುವ ಲಾರಿಗೂ ಅದೇ ಟವರಿನ ಕೆಳಗೆ ಹೊಲದಲ್ಲಿ ನಿಂತ ರೈತನಿಗೂ ಒಂದೇ ನಿಯಮ ಯಾಕಿರಬೇಕು?

ಎರಡನೆಯದು, ಬರುವವರಿಗೆ ಜಾಗ. ಸಂಜೆಯ ರೈಲು ಮಾಲೂರು ನಿಲ್ದಾಣದ ಹತ್ತಿರ ಬಂದಾಗ ಬೋಗಿಗಳಲ್ಲಿರುವ ಅಷ್ಟೂ ಫೋನುಗಳು ಒಟ್ಟಿಗೆ ಮುಂದಿನ ಟವರಿನ ಬಾಗಿಲು ಬಡಿಯುತ್ತವೆ. ನರಸಾಪುರದಲ್ಲಿ ಶಿಫ್ಟ್ ಬಿಟ್ಟಾಗಲೂ ಹಾಗೆ. ಟವರು ತುಂಬಿದ್ದರೆ ದಾಟಲು ಬಂದ ಕರೆಗೂ ಜಾಗವಿಲ್ಲ ಎನ್ನುತ್ತದೆ. ಹೊಸ ಕರೆ ಹೋಗದಿದ್ದರೆ ಜನ ಇನ್ನೊಮ್ಮೆ ಒತ್ತುತ್ತಾರೆ. ನಡೆಯುತ್ತಿರುವ ಕರೆ ಕಟ್ಟಾದರೆ ಸಿಟ್ಟಾಗುತ್ತಾರೆ. ಆದ್ದರಿಂದ ಟವರಿನ ಒಂದಿಷ್ಟು ಸಾಮರ್ಥ್ಯವನ್ನು ದಾಟಿ ಬರುವ ಕರೆಗಳಿಗೆ ಕಾದಿರಿಸಬೇಕು ಎಂಬುದು ದೂರಸಂಪರ್ಕದ ಹಳೆಯ ಪಾಠ. ತೊಂದರೆ ಎಲ್ಲಿದೆಯೆಂದರೆ, ದಿನಪೂರ್ತಿ ಕಾದಿರಿಸಿದರೆ ರೈಲು ಇಲ್ಲದ ಹೊತ್ತಿನಲ್ಲಿ ಆ ಜಾಗ ವ್ಯರ್ಥ. ರೈಲು ದೇವನಗೊಂದಿ ಬಿಟ್ಟಿತು ಎಂದು ತಿಳಿದ ಕಂಟ್ರೋಲರು ಆ ಹೊತ್ತಿಗಷ್ಟೇ ಕಾದಿರಿಸಬಲ್ಲದು, ರೈಲು ಹೋದ ಮೇಲೆ ಬಿಟ್ಟುಕೊಡಬಲ್ಲದು. ಇದಕ್ಕೆ ಹೊಸ ಟವರು ಬೇಡ, ರೈಲಿನ ವೇಳಾಪಟ್ಟಿ ಸಾಕು.

ಮೂರನೆಯದು, ದಾಟುವಾಗ ಮಾಹಿತಿ ಕಾಪಾಡುವುದು. ನಾನು ಒಂದು ಆ್ಯಪ್‌ಗೆ ಹೆಚ್ಚು ಇನ್ನೊಂದಕ್ಕೆ ಕಡಿಮೆ ಮಾಡಿ ಎನ್ನುತ್ತಿಲ್ಲ. ನೆಟ್ ನ್ಯೂಟ್ರಾಲಿಟಿಯ ತತ್ವವನ್ನು ದೇಶ 2018ರಲ್ಲೇ ಒಪ್ಪಿದೆ. ಅದು ಹಾಗೇ ಉಳಿಯಲಿ. ದನಿ ಕರೆಗೆ ಜಾಲದಲ್ಲಿ ಮೊದಲಿನಿಂದಲೂ ಪ್ರತ್ಯೇಕ ದರ್ಜೆಯಿದೆ, ಆ ದರ್ಜೆ ಟವರು ದಾಟುವಾಗಲೂ ಕೈಬಿಡದಿರಲಿ. ಉಳಿದಂತೆ ಮಂಡಿಯಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ದುಡ್ಡು ಕಳಿಸಿದವನ ಒಂದು ಚೂರು ಮಾಹಿತಿ, ಎರಡು ಟವರುಗಳ ನಡುವೆ ಕಳೆದುಹೋಗದೆ ಹೊಸ ಟವರಿಗೆ ಸರದಿಯಲ್ಲಿ ಮುಟ್ಟಲಿ. ದುಡ್ಡು ಖಾತೆಯಿಂದ ಹೋಯಿತು, ಅತ್ತ ಬರಲಿಲ್ಲ ಎಂಬ ಜಗಳಕ್ಕೆ ಕಾರಣ ಬ್ಯಾಂಕೋ ಜಾಲವೋ ಎಂದು ಮಂಡಿಯಲ್ಲಿ ಯಾರೂ ವಿಚಾರಿಸುತ್ತಾ ಕೂರುವುದಿಲ್ಲ. ಲಾರಿ ಮಾತ್ರ ನಿಂತೇ ಇರುತ್ತದೆ.

ನಾಲ್ಕನೆಯದು, ಕರೆಂಟು. ಇದು ನಮ್ಮ ಹಳ್ಳಿಗಳಲ್ಲಿ ದಿನದ ಸಮಸ್ಯೆ. ಕರೆಂಟು ಹೋದ ಟವರು ಬ್ಯಾಟರಿಯ ಮೇಲೆ ಒಂದಿಷ್ಟು ಹೊತ್ತು ನಿಂತು, ಡೀಸೆಲ್ ಇಲ್ಲದಿದ್ದರೆ ಮಲಗುತ್ತದೆ. ಮಲಗುವ ಕ್ಷಣದವರೆಗೆ ಅದು ಚೆನ್ನಾಗಿಯೇ ಇರುವುದರಿಂದ ಅಕ್ಕಪಕ್ಕದ ಟವರುಗಳು ಫೋನುಗಳನ್ನು ಅದಕ್ಕೆ ದಾಟಿಸುತ್ತಲೇ ಇರುತ್ತವೆ. ಬ್ಯಾಟರಿ ಎಷ್ಟು ಉಳಿದಿದೆ ಎಂಬ ಮಾಹಿತಿ ನಿಮ್ಮ ಕೊಠಡಿಗೆ ಬರುತ್ತದೆ. ಅದು ಅಲಾರಂ ನೋಡುವವರ ಪರದೆಯಲ್ಲಿರುತ್ತದೆ, ಹ್ಯಾಂಡೋವರ್ ನಿಯಮ ಬರೆಯುವವರ ಪರದೆಯಲ್ಲಿರುವುದಿಲ್ಲ. ಎರಡನ್ನೂ ಜೋಡಿಸಿ. ಇನ್ನೇನು ಮಲಗಲಿರುವ ಟವರಿಗೆ ಹೊಸಬರನ್ನು ಕಳಿಸಬೇಡಿ, ಇರುವವರನ್ನು ಒಬ್ಬೊಬ್ಬರಾಗಿ ಪಕ್ಕಕ್ಕೆ ದಾಟಿಸಿ, ಸುತ್ತಲಿನ ಟವರುಗಳ ವ್ಯಾಪ್ತಿಯನ್ನು ಸ್ವಲ್ಪ ಹಿಗ್ಗಿಸಿ. ರಾಯಲ್ಪಾಡಿನ ಕಡೆಯ ಒಂದು ಹಳ್ಳಿಗೆ ಇದರಿಂದ ಆಗುವ ಉಪಕಾರ ಪೇಟೆಯಲ್ಲಿ ಇನ್ನೊಂದು 5ಜಿ ಟವರ್ ನಿಲ್ಲಿಸುವುದರಿಂದ ಆಗದು.

ಐದನೆಯದು, ಗಡಿ. ನಮ್ಮ ಸೀಮೆ ಆಂಧ್ರ, ತಮಿಳುನಾಡು ಎರಡಕ್ಕೂ ಅಂಟಿಕೊಂಡಿದೆ. ಮೂರು ರಾಜ್ಯ, ಮೂರು ಟೆಲಿಕಾಂ ಸರ್ಕಲ್. ತರಂಗಾಂತರದ ಹರಾಜು ಸರ್ಕಲ್‌ವಾರು ನಡೆಯುವುದರಿಂದ ಒಂದೇ ಕಂಪನಿಗೆ ಗಡಿಯ ಈಚೆ ಒಂದು ಬ್ಯಾಂಡು, ಆಚೆ ಇನ್ನೊಂದು ಇರಬಹುದು. ನೋಡಿಕೊಳ್ಳುವ ತಂಡಗಳೂ ಬೇರೆ. ಆಚೆ ಬದಿಯ ಟವರು ಈಚೆಯ ಟವರಿನ ನೆರೆಪಟ್ಟಿಯಲ್ಲಿ ಇಲ್ಲದಿದ್ದರೆ ಫೋನಿಗೆ ಅದು ಎಷ್ಟೇ ಜೋರಾಗಿ ಕಂಡರೂ ಕರೆಯನ್ನು ದಾಟಿಸುವಂತಿಲ್ಲ. ನಂಗಲಿಯಲ್ಲಿ ಕರೆ ಸಾಯುವುದಕ್ಕೆ ಬಂಡೆಯನ್ನೇ ದೂರಿ ಪ್ರಯೋಜನವಿಲ್ಲ, ಪಟ್ಟಿಯನ್ನೂ ನೋಡಬೇಕು.

ಗಡಿಯ ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರ. ತುರ್ತು ಕರೆ ಹೋಗುವುದು ಫೋನು ಹಿಡಿದಿರುವ ಟವರಿನ ರಾಜ್ಯಕ್ಕೆ. ಕರ್ನಾಟಕದ ನೆಲದಲ್ಲಿ ನಿಂತವನ ಫೋನು ಆಂಧ್ರದ ಟವರು ಹಿಡಿದಿದ್ದರೆ ಅವನ 112 ಆಂಧ್ರದ ಕೇಂದ್ರಕ್ಕೆ ಮುಟ್ಟಬಹುದು. ಭಾಷೆಯ ತೊಡಕು ನಮಗಿಲ್ಲ, ಇಲ್ಲಿ ಬಹಳಷ್ಟು ಮನೆಗಳ ಮಾತೇ ತೆಲುಗು. ಆಂಬುಲೆನ್ಸ್ ಎಲ್ಲಿಂದ ಹೊರಡಬೇಕು, ಗಾಯಾಳುವನ್ನು ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಗೆ ತರಬೇಕೋ ಪಲಮನೇರಿಗೆ ಒಯ್ಯಬೇಕೋ ಎಂಬ ಮಾತುಕತೆಯಲ್ಲಿ ನಿಮಿಷಗಳು ಹೋಗುತ್ತವೆ. ಗಡಿಯ ಕೆಲವು ತೊಡಕುಗಳಿಗೆ ಸರ್ಕಾರಗಳೇ ಬೇಕಾಗುತ್ತವೆ: 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿಯನ್ನು ಒಳಗೆ ಬಿಡದಿದ್ದಾಗ ಎರಡು ರಾಜ್ಯಗಳ ಮುಖ್ಯಮಂತ್ರಿಗಳ ಮಟ್ಟದಲ್ಲಿ ಪತ್ರ ಓಡಾಡಿತು. ನೆರೆಪಟ್ಟಿಗೆ ಮುಖ್ಯಮಂತ್ರಿ ಬೇಕಿಲ್ಲ. ಒಂದೇ ಕಂಪನಿಯ ಎರಡು ತಂಡಗಳು ಒಂದು ಕಂಟ್ರೋಲರಿನ ಕೆಳಗೆ ಗಡಿಯ ಟವರುಗಳನ್ನು ತಂದರೆ ಸಾಕು.

ಇಷ್ಟು ಹೇಳಿದ ಮೇಲೆ ನೀವು ಎತ್ತಬಹುದಾದ ಆಕ್ಷೇಪಗಳಿಗೂ ಬರಬೇಕು.

ಎಲ್ಲ ತೀರ್ಮಾನ ಒಂದೆಡೆ ಇಟ್ಟರೆ, ರಸ್ತೆ ಅಗೆಯುವವರು ಫೈಬರ್ ಕತ್ತರಿಸಿದ ದಿನ ಏನು ಗತಿ ಎನ್ನುತ್ತೀರಿ. ಸರಿಯಾದ ಪ್ರಶ್ನೆ. ಕಂಟ್ರೋಲರಿನ ಸಂಪರ್ಕ ತಪ್ಪಿದ ಕೂಡಲೇ ಟವರು ತನ್ನ ಹಳೆಯ ನಿಯಮಕ್ಕೆ ತಾನೇ ಮರಳಬೇಕು. ಕಂಟ್ರೋಲರು ಸಲಹೆ ಕೊಡುವ ಯಜಮಾನನಾಗಿರಲಿ, ಅದಿಲ್ಲದೆ ಮನೆಯೇ ನಡೆಯದು ಎಂಬಂತೆ ಮಾಡಬೇಡಿ. ಕೋಲಾರಕ್ಕೇ ಒಂದು ಸಣ್ಣ ಕಂಟ್ರೋಲರು ಇಟ್ಟರೆ ಬೆಂಗಳೂರಿಗೆ ಹೋಗಿಬರುವ ತಡವೂ ಉಳಿಯುತ್ತದೆ.

ಜನರ ದಾರಿ ತಿಳಿಯುವುದೆಂದರೆ ಜನರ ಮೇಲೆ ಕಣ್ಣಿಡುವುದಲ್ಲವೇ ಎಂದು ಓದುಗರೂ ಕೇಳಬಹುದು. ಫೋನು ಯಾರದೆಂದು ತಿಳಿಯುವ ಅಗತ್ಯ ಇಲ್ಲಿಲ್ಲ. ಯಾವ ಟವರಿನಿಂದ ಯಾವ ಟವರಿಗೆ ಎಷ್ಟು ಹೊತ್ತಿನಲ್ಲಿ ಬಂತು ಎಂಬ ಮೂರು ಸಂಗತಿ ಸಾಕು. ಸಂಖ್ಯೆ, ಹೆಸರು ಅಳಿಸಿಬಿಡಿ. 2023ರ ದತ್ತಾಂಶ ರಕ್ಷಣೆ ಕಾಯ್ದೆ ಇರುವ ಕಾಲದಲ್ಲಿ ಇದು ನಿಮಗೂ ಕ್ಷೇಮ.

ಎಐ ಬಂದಿದೆ, ಅದೇ ಎಲ್ಲ ಕಲಿತುಕೊಳ್ಳುತ್ತದೆ ಎಂಬ ಉತ್ತರ ಇತ್ತೀಚೆಗೆ ಎಲ್ಲ ಕಡೆ ಕೇಳುತ್ತಿದೆ. ಕಲಿಯುತ್ತದೆ, ಕಲಿಸಿದ್ದನ್ನು. ವೈಟ್‌ಫೀಲ್ಡ್‌ನ ಟ್ರಾಫಿಕ್ಕಿನಲ್ಲಿ ಕಲಿತ ಮಾಡೆಲ್‌ಗೆ ಟೊಮೆಟೊ ಸುಗ್ಗಿ ಗೊತ್ತಿರುವುದಿಲ್ಲ. ಕಟಾವಾದ ಮೇಲೆ ಎನ್. ವಡ್ಡಹಳ್ಳಿಯ ರಸ್ತೆ ಇದ್ದಕ್ಕಿದ್ದಂತೆ ಖಾಲಿಯಾಗುವುದು ಗೊತ್ತಿರುವುದಿಲ್ಲ. ಇಲ್ಲಿನ ಮಾಹಿತಿಯಲ್ಲಿ ಕಲಿಸಿ, ಇಲ್ಲಿನ ರಸ್ತೆಯಲ್ಲಿ ಪರೀಕ್ಷಿಸಿ. ಈ ಮಾತನ್ನು ನನ್ನ ವಿದ್ಯಾರ್ಥಿಗಳಿಗೂ ಹೇಳುತ್ತಿರುತ್ತೇನೆ. ಸಾಫ್ಟ್‌ವೇರ್ ಆಧಾರಿತ ಜಾಲದಲ್ಲಿ ಹ್ಯಾಂಡೋವರ್ ಸುಧಾರಣೆ ಎಂಬ ಪ್ರಾಜೆಕ್ಟು ವರ್ಷವೂ ಬರುತ್ತದೆ. ಸಿಮ್ಯುಲೇಟರಿನಲ್ಲಿ ಫೋನುಗಳು ಮನಬಂದ ದಿಕ್ಕಿಗೆ ಅಲೆಯುತ್ತವೆ, ಹೊಸ ವಿಧಾನ ಹಳೆಯದಕ್ಕಿಂತ ಮೇಲೆಂದು ಗ್ರಾಫ್ ಮೇಲೇರುತ್ತದೆ. ಕೋಲಾರ ಜಿಲ್ಲೆಯಲ್ಲಿ ಹಾಗೆ ದಿಕ್ಕಿಲ್ಲದೆ ಅಲೆಯುವವರು ಯಾರಿದ್ದಾರೆ? ಎಲ್ಲರಿಗೂ ರೈಲು ಹಿಡಿಯಬೇಕು, ಶಿಫ್ಟಿಗೆ ಸೇರಬೇಕು, ಮಂಡಿ ಮುಟ್ಟಬೇಕು.

ಇನ್ನು ಖರ್ಚು. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಕೆಜಿಎಫ್ ತಾಲ್ಲೂಕುಗಳನ್ನು ಹಾದು ಚೆನ್ನೈ ಕಡೆ ಹೋಗುವ ಎಕ್ಸ್‌ಪ್ರೆಸ್‌ವೇ ಈಗ ನಮ್ಮ ನೆಲದ ಮೇಲಿದೆ. 120 ಕಿಲೋಮೀಟರ್ ವೇಗಕ್ಕೆಂದು ಮಾಡಿದ ರಸ್ತೆ. ಸೆಕೆಂಡಿಗೆ 33 ಮೀಟರ್. ಊರುಗಳನ್ನು ಬಳಸಿ ಹೋಗುವ ಆ ರಸ್ತೆಗೆ ನೀವು ಹೇಗೂ ಹೊಸದಾಗಿ ಜಾಲ ಯೋಜಿಸಲೇಬೇಕು. ಕಾರಿನಲ್ಲಿ ಚೆನ್ನೈಗೆ ಹೋಗುವವರಿಗಾಗಿ ಮಾಡುವ ಏರ್ಪಾಟನ್ನು ಪಕ್ಕದ ರೈಲಿಗೂ ಹಳೆಯ ಹೆದ್ದಾರಿಗೂ ಹಿಗ್ಗಿಸಿ ಎಂಬುದಷ್ಟೇ ಕೇಳಿಕೆ.

ಕೊನೆಗೆ, ಗೊತ್ತಾದ ಕೆಲಸವೊಂದನ್ನು ಮುಂದಿಡುತ್ತೇನೆ. ನಾಲ್ಕು ದಾರಿ ಆರಿಸಿಕೊಳ್ಳಿ: ಬಂಗಾರಪೇಟೆಯಿಂದ ಮಾಲೂರಿನ ಮೇಲೆ ವೈಟ್‌ಫೀಲ್ಡ್‌ವರೆಗಿನ ರೈಲು; ನರಸಾಪುರ, ವೇಮಗಲ್‌ನ ಶಿಫ್ಟ್ ಬಸ್ಸುಗಳ ರಸ್ತೆ; ಕೋಲಾರದಿಂದ ಮುಳಬಾಗಿಲು ಮೂಲಕ ನಂಗಲಿ; ಕೋಲಾರದಿಂದ ಶ್ರೀನಿವಾಸಪುರ ಮೂಲಕ ರಾಯಲ್ಪಾಡು. ದಾರಿಯ ಈ ತುದಿಯಲ್ಲಿ ಹಚ್ಚಿದ ಕರೆ ಆ ತುದಿಯವರೆಗೆ ಉಳಿಯಿತೇ, ನಡುವೆ ಎಷ್ಟು ಸೆಕೆಂಡು ದನಿ ಹೋಯಿತು, ಎಲ್ಲಿ ಹೋಯಿತು ಎಂಬುದನ್ನು ತಿಂಗಳಿಗೊಮ್ಮೆ ದಾರಿವಾರು ಪ್ರಕಟಿಸಿ. ಜನ ತಾವೇ ಕಟ್ ಮಾಡಿ ಎರಡು ನಿಮಿಷದೊಳಗೆ ಅದೇ ನಂಬರಿಗೆ ಮತ್ತೆ ಹಚ್ಚಿದ ಕರೆಯನ್ನು ಯಶಸ್ವಿ ಪಟ್ಟಿಯಿಂದ ತೆಗೆದು ಬೇರೆ ಇಡಿ. ಒಂದು ಟೊಮೆಟೊ ಸುಗ್ಗಿ, ಒಂದು ಮಾವಿನ ಸುಗ್ಗಿ ಕಳೆಯಲಿ. ಹೊಸ ನಿಯಮ ಹಾಕಿದ ದಾರಿಯೂ ಹಾಕದ ದಾರಿಯೂ ಅಕ್ಕಪಕ್ಕ ಇಟ್ಟು ನೋಡೋಣ.

ಓದುಗರಿಗೂ ಒಂದು ಮಾತು. ಕರೆ ಕಟ್ಟಾದರೆ ಬೈದು ಸುಮ್ಮನಾಗಬೇಡಿ. ಟ್ರಾಯ್‌ನ ಮೈಕಾಲ್ ಆ್ಯಪ್‌ನಲ್ಲಿ ಆ ಕರೆಗೆ ಅಂಕ ಕೊಡಿ. ಕಂಪನಿಗೆ ದೂರು ಕೊಟ್ಟು ಡಾಕೆಟ್ ನಂಬರ್ ಪಡೆಯಿರಿ; ಸಮಾಧಾನವಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರವಿದೆ. ದೂರಸಂಪರ್ಕದ ವ್ಯಾಜ್ಯವನ್ನು ಗ್ರಾಹಕರ ಆಯೋಗವೂ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿದೆ. ದೂರಿನಲ್ಲಿ ಟವರ್ ಸಿಗಲ್ಲ ಎಂದಷ್ಟೇ ಬರೆಯಬೇಡಿ. ಯಾವ ಊರಿನಿಂದ ಯಾವ ಊರಿಗೆ, ಯಾವ ಬಸ್ಸು ಅಥವಾ ರೈಲು, ಎಷ್ಟು ಗಂಟೆಗೆ ಎಂದು ಬರೆಯಿರಿ. ದಾರಿಯ ಲೆಕ್ಕ ನಮ್ಮಿಂದಲೂ ಶುರುವಾಗಲಿ.

ಎಂಜಿನಿಯರುಗಳೇ, ಅಳತೆಗೆ ಜನ ಸಾಲದು ಎನ್ನುವುದಾದರೆ ಇಲ್ಲಿನ ಕಾಲೇಜುಗಳಲ್ಲಿ ದಿನವೂ ಈ ನಾಲ್ಕೂ ದಾರಿಗಳಲ್ಲಿ ಓಡಾಡುವ ವಿದ್ಯಾರ್ಥಿಗಳಿದ್ದಾರೆ. ಫೋನು ಅವರ ಬಳಿ ಇದೆ, ಬಸ್ ಪಾಸೂ ಇದೆ. ನೀವು ಟವರುಗಳ ಪಟ್ಟಿ ಕೊಡಿ, ಅವರು ದಾರಿಯ ಅಳತೆ ತರುತ್ತಾರೆ. ಯಾವ ತಿಂಗಳು ಶುರು ಮಾಡೋಣ, ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಕೋಲಾರ ಜಿಲ್ಲೆಯ ಒಬ್ಬ ಅಧ್ಯಾಪಕ